ಲಾರಿಯಲ್ಲಿ ಹನ್ನೆರಡು ನಿಮಿಷ

ಹಾಲು ತಣ್ಣಗಿಡುವ ಯಂತ್ರವನ್ನು ಕಾಲು ಗಂಟೆ ನಿಲ್ಲಿಸಬಹುದೇ ಕೂಡದೇ ಎಂಬ ಗಹನವಾದ ಪ್ರಶ್ನೆಯನ್ನು ಇತ್ಯರ್ಥ ಮಾಡಲು ಆ ಬೆಳಿಗ್ಗೆ ಇಬ್ಬರು ಹಿರಿಯರು ಹಾಲುಕೋಣೆಯ ಬಾಗಿಲಲ್ಲಿ ನಿಂತು ಜಗ್ಗಾಡುತ್ತಿದ್ದರು. ಯಂತ್ರ ತನ್ನ ಪಾಡಿಗೆ ಗುರ್ರೆನ್ನುತ್ತಿತ್ತು. ಇಪ್ಪತ್ತು ಹೆಜ್ಜೆ ಆಚೆ, ಮನೆಯ ಮುಂಗೋಣೆಯಲ್ಲಿ, ಅದನ್ನು ಕೊಂಡು ತಂದ ಯಜಮಾನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅಂಗಾತ ಮಲಗಿದ್ದ. ಬದುಕಿರುವಾಗ ಅವನು ಇಸ್ತ್ರಿ ಅಂಗಿ ತೊಟ್ಟದ್ದನ್ನಾಗಲಿ, ಬೆಳಗಿನ ಎಂಟು ಗಂಟೆಯವರೆಗೆ ಮಲಗಿದ್ದನ್ನಾಗಲಿ ಕಂಡವರಿರಲಿಲ್ಲ.

ಒಬ್ಬ ಯಜಮಾನನ ಮಗಳ ಸೋದರಮಾವ, ಅವನ ವಾದ ಸರಳವಾಗಿತ್ತು. ಹೆಣ ಎತ್ತುವ ಮುಂಚೆ ತಾನು ನಾಲ್ಕು ಮಾತಾಡಬೇಕು. ಆ ನಾಲ್ಕು ಮಾತು ಬರೆಯುತ್ತ ಬರೆಯುತ್ತ ಎರಡು ಹಾಳೆಯಾಗಿದೆ. ಈ ಗುರ್ರಿನಲ್ಲಿ ಅದು ಹೆಣಕ್ಕೂ ಕೇಳಿಸುವುದಿಲ್ಲ. ಪಕ್ಕದ ಜಮೀನಿನವನು ಒಪ್ಪಲಿಲ್ಲ. ಒಳಗೆ ಎರಡು ದಿನದ ಹಾಲಿದೆ, ಒಂದು ಡಿಗ್ರಿ ಏರಿದರೂ ಯಜಮಾನ ಎದ್ದು ಬಂದಾನು ಎಂದ. ಅಷ್ಟರಲ್ಲಿ ಸತ್ತವನ ಅಕ್ಕ ಬಂದು ಬಾಗಿಲಿಗೆ ಒರಗಿದಳು.

"ನಿಲ್ಲಿಸ್ರಪ್ಪ," ಎಂದಳು. "ಎದ್ದು ಬಂದ್ರೆ ಬರ್ಲಿ. ಬೇಡ ಅಂದೋರು ಯಾರು."

ಹಿರಿಯರು ಸ್ವಿಚ್ಚು ಹುಡುಕಿದರು. ಆದರೆ ಗೋಡೆಯ ಮೇಲೆ ಆರು ಸ್ವಿಚ್ಚುಗಳಿದ್ದವು, ಒಂದರ ಮೇಲೂ ಗುರುತಿರಲಿಲ್ಲ. ಯಾವುದು ಯಾವುದಕ್ಕೆ ಎಂಬುದು ಈ ಜಮೀನಿನ ಎಲ್ಲ ಸಂಗತಿಗಳ ಹಾಗೆ ಯಜಮಾನನ ತಲೆಯಲ್ಲಿತ್ತು.

"ಎಡಗಡೆಯಿಂದ ಎರಡನೇದು," ಎಂದಳು ಮಗಳು.

ಸ್ವಲ್ಪ ಬೇಗ ಹೇಳಿಬಿಟ್ಟಳು. ಅತ್ತೆ ಅವಳ ಮುಖ ನೋಡಿದಳು.

ಮಗಳ ತಲೆಯಲ್ಲಿ ನಿನ್ನೆ ಮಧ್ಯಾಹ್ನದಿಂದ ಒಂದೇ ಒಂದು ವಿಷಯ ಸುತ್ತುತ್ತಿತ್ತು. ಅಪ್ಪ ಸತ್ತದ್ದು ಸೋಮವಾರ. ಕೊಟ್ಟಿಗೆಯಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತವನು ಕೂತ ಹಾಗೇ ಗೋಡೆಗೆ ವಾಲಿದ್ದ. ಹೃದಯ ಎಂದರು ಡಾಕ್ಟರು. ಅದಕ್ಕೆ ಎರಡು ದಿನ ಮೊದಲು, ಶನಿವಾರ, ಯುವ ರೈತರ ಕಷ್ಟಸುಖದ ಬಗ್ಗೆ ಅವಳು ನಡೆಸುವ ಪಾಡ್‌ಕಾಸ್ಟಿನ ಅರವತ್ತಮೂರನೆಯ ಕಂತು ಹೊರಬಂದಿತ್ತು. ಅದರಲ್ಲಿ ಅವಳು ಒಂದು ಮಾತು ಆಡಿದ್ದಳು. ಅದು ಅಪ್ಪನ ಕಿವಿಗೆ ಬಿದ್ದಿತ್ತೇ ಇಲ್ಲವೇ ಎಂಬುದು ಅವಳಿಗೆ ಗೊತ್ತಾಗಬೇಕಿತ್ತು.

ಮಾತು ಯಾವುದೆಂದು ಅಂಗಳಕ್ಕೆ ತಿಳಿಸಿದವನು ಕುಂಬಳಕಾಯಿ. ಅವನು ಹತ್ತನೆಯ ಕಂತಿನ ಅತಿಥಿ. ಎಂಟು ಎಕರೆ ಕುಂಬಳ ಬೆಳೆದೂ ಮದುವೆಗೆ ಹೆಣ್ಣು ಸಿಗದ ಕತೆ ಹೇಳಿ ಹೆಸರಾಗಿದ್ದ. ಅಂದಿನಿಂದ ಅದೇ ಅವನ ಹೆಸರು. ಒಳಗೆ ಹೋಗಿ ಕೈಮುಗಿದು ಬಂದವನು ಏನು ಹೇಳಬೇಕೆಂದು ತೋಚದೆ ಗೊತ್ತಿದ್ದನ್ನೇ ಹೇಳಿದ.

"ಶನಿವಾರದ್ದು ಬೆಂಕಿ ಕಣಕ್ಕ. ಎಲ್ರೂ ಅದನ್ನೇ ಕಳಿಸ್ತಾ ಇದಾರೆ. 'ನಮ್ಮ ಹಿರಿಯರು ಕಣ್ಣು ಮುಚ್ಚೋವರೆಗೂ ನಮ್ಮ ಕೈಗೆ ಏನೂ ಬರಲ್ಲ. ಹೇಳಕ್ಕೆ ನಾಚಿಕೆ ಆಗತ್ತೆ, ನಾವು ಕಾಯ್ತಾ ಇದೀವಿ.' ಎಂಥ ಮಾತು…"

ಮಾತಿನ ನಡುವೆ ತಾನೆಲ್ಲಿ ನಿಂತಿದ್ದೇನೆಂಬುದು ಅವನಿಗೆ ಹೊಳೆಯಿತು. ಬೆಂಚಿನ ಮೇಲಿದ್ದ ಇಬ್ಬರು ಹೆಂಗಸರು ತಮ್ಮ ತಮ್ಮ ಪಾದಗಳನ್ನು ಪರೀಕ್ಷಿಸತೊಡಗಿದರು.

"ಅಪ್ಪಂಗೆ ಯಾರಾದ್ರೂ ಕಳಿಸಿದ್ರಾ?" ಎಂದು ಕೇಳಿದಳು ಮಗಳು.

"ಯಾವ ಫೋನಿಗೆ ಕಳಿಸೋದಕ್ಕ? ಅವರ ಫೋನಲ್ಲಿ ಟಾರ್ಚು ಬಿಟ್ರೆ ಇನ್ನೇನಿತ್ತು?"

ಅದು ನಿಜ. ಅವಳಿಗೆ ಒಂದು ಉಸಿರು ಸಲೀಸಾಗಿ ಬಂತು.

*

ಪಾಡ್‌ಕಾಸ್ಟ್ ಶುರುವಾದಾಗ ಅವಳಿಗೆ ಮೂವತ್ತನಾಲ್ಕು. ಬೇರೆ ಯಾವ ಕಸುಬಿನಲ್ಲಾದರೂ ಅದು ಯೌವನ ಮುಗಿಯುವ ವಯಸ್ಸು. ಒಕ್ಕಲುತನದಲ್ಲಿ ಅಪ್ಪ ಇರುವ ತನಕ ಎಲ್ಲರೂ ಯುವಕರೇ. ಹದಿನಾಲ್ಕು ಹಸುಗಳ ಕೊಟ್ಟಿಗೆಯಲ್ಲಿ ಹನ್ನೆರಡು ವರ್ಷ ದುಡಿದ ಮೇಲೂ ಮೊದಲ ಹಸುವಿನ ಕೆಚ್ಚಲಿಗೆ ಅವಳು ಕೈ ಹಾಕುವಂತಿರಲಿಲ್ಲ. ಮೊದಲನೆಯದನ್ನು ಅಪ್ಪನೇ ಕರೆಯಬೇಕು. ಉಳಿದವನ್ನು ಯಾವ ಸರದಿಯಲ್ಲಿ ಎಂಬುದನ್ನೂ ಅವನೇ ಗದ್ದ ಎತ್ತಿ ತೋರಿಸಬೇಕು. ಕೆಲವು ದಿನ ಸರದಿ ಬದಲಾಗುತ್ತಿತ್ತು. ಯಾಕೆ ಎಂದರೆ, "ಇವತ್ತು ಹಂಗೆ" ಎನ್ನುವನು.

ಪಾಡ್‌ಕಾಸ್ಟ್ ಎಂದರೇನು ಎಂದು ಅವನು ಒಂದೇ ಸಲ ಕೇಳಿದ್ದ. ರೈತರು ಮಾತಾಡ್ತಾರೆ, ಜನ ಕೇಳ್ತಾರೆ ಎಂದಳು.

"ಹಾಲು ಕರೆಯೋ ಹೊತ್ತಲ್ಲಿ ಮಾತಾಡ್ದೆ ಇದ್ರೆ ಸರಿ."

ಜಮೀನಿನಲ್ಲಿ ಸದ್ದು ಒಳಬರದ ಜಾಗವೆಂದರೆ ಹಾಲುಕೋಣೆ ಒಂದೇ. ಗುರುವಾರ ನಾಲ್ಕು ಗಂಟೆಗೆ ಅಪ್ಪ ಮೇವಿನ ಹೊಲಕ್ಕೆ ಹೋದ ಮೇಲೆ ಅವಳು ಬಾಗಿಲು ಹಾಕಿ, ಗೋಡೆಗೆ ಕಂಬಳಿ ತೂಗುಹಾಕಿ, ಎಡಗಡೆಯಿಂದ ಎರಡನೆಯ ಸ್ವಿಚ್ಚು ಆರಿಸಿ, ನಲವತ್ತು ನಿಮಿಷ ರೆಕಾರ್ಡ್ ಮಾಡಿ, ಮತ್ತೆ ಹಾಕುತ್ತಿದ್ದಳು. ಟ್ರ್ಯಾಕ್ಟರ್ ಕೊಳ್ಳಲು ಹೋದರೆ "ನಿಮ್ಮ ಯಜಮಾನರನ್ನ ಕರ್ಕೊಂಡು ಬನ್ನಿ" ಅನ್ನಿಸಿಕೊಂಡ ಹುಡುಗಿ ಅಲ್ಲಿ ಕೂತು ಅತ್ತಳು. ಬಾವಿಯ ಮೋಟಾರಿಗೂ ಅಪ್ಪನ ಹೆಬ್ಬೆಟ್ಟು ಬೇಕಾದ ಅಣ್ಣತಮ್ಮಂದಿರು ನಕ್ಕರು. ಅವರಲ್ಲಿ ಅಣ್ಣನಿಗೆ ನಲವತ್ತೊಂದು.

ಕಳೆದ ಗುರುವಾರ ಅತಿಥಿ ಬರಲಿಲ್ಲ. ಅವಳೇ ಮಾತಾಡಿದಳು. ಕೊನೆಕೊನೆಗೆ ಆ ಮಾತು ಬಂತು, ನಾವು ಕಾಯ್ತಾ ಇದೀವಿ ಎಂಬುದು. ಮಾತು ಅಲ್ಲಿಗೆ ನಿಲ್ಲಲಿಲ್ಲ. ಒಂದು ಗಳಿಗೆ ಬಿಟ್ಟು ಅವಳು ಹೇಳಿದ್ದಳು: "ಆದ್ರೆ ನಾಳೆ ನಮ್ಮಪ್ಪ ಇಲ್ಲ ಅಂದ್ರೆ ಆ ಕೊಟ್ಟಿಗೇಲಿ ನಂಗೆ ಕೈಕಾಲು ಆಡಲ್ಲ. ಯಾವ ಹಸು ಯಾಕೆ ಮುನಿಸ್ಕೊಳತ್ತೆ ಅನ್ನೋದು ಅವರೊಬ್ಬರಿಗೇ ಗೊತ್ತು. ಪಕ್ಕದಲ್ಲಿ ಕೂತು ಕಲಿಯೋದು ಬಿಟ್ಟು ಕಾಯ್ತಾ ಕೂತೆನಲ್ಲ, ನನ್ನಂಥ ದಡ್ಡಿ ಇಲ್ಲ." 

ಸೋಮವಾರ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಅಪ್ಪ ಮಾತಿಲ್ಲದೆ ಮೊದಲ ಹಸುವಿನ ಮುಂದೆ ಅವಳಿಗೆ ಮಣೆ ಸರಿಸಿಕೊಟ್ಟ. ಅವನ ಬೆನ್ನು ಹಿಡಿದಿರಬೇಕು ಎಂದುಕೊಂಡು ಅವಳು ಕೂತಳು.

*

ಸೋದರಮಾವ ಹಾಳೆ ಬಿಡಿಸಿ, ಯಂತ್ರ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡ ಹೊತ್ತಿಗೆ ಸರಿಯಾಗಿ ಹಾಲಿನ ಲಾರಿ ಗೇಟಿನೊಳಗೆ ಬಂತು. ಎರಡು ದಿನಕ್ಕೊಮ್ಮೆ ಬರುವ ಲಾರಿ. ಸಾವಿನ ಸುದ್ದಿಯನ್ನು ಅದಕ್ಕೆ ತಿಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಡ್ರೈವರ್ ಜನರನ್ನು ನೋಡಿದ, ಟೋಪಿ ತೆಗೆದ, ಒಳಗೆ ಹೋಗಿ ಬಾಗಿಲ ಬಳಿ ನಿಂತು ಬಂದ. ಹಾಲು ಮಾತ್ರ ಯಾರ ಸಾವಿಗೂ ಕಾಯುವ ಪದಾರ್ಥವಲ್ಲ. ಸೋದರಮಾವ ಹಾಳೆ ಮಡಚಿದ. ಮಗಳು ಡ್ರೈವರ್ ಜೊತೆ ಹಾಲುಕೋಣೆಗೆ ನಡೆದಳು.

ಅವನು ಪೈಪು ಜೋಡಿಸಿ ಪಂಪು ಚಾಲೂ ಮಾಡಿ, ತಾಪಮಾನದ ದುಂಡು ಕಾಗದವನ್ನು ಅವಳ ಮುಂದೆ ಹಿಡಿದ. ಒಳಗಿನ ಲೇಖನಿ ಹಗಲಿರುಳೂ ಅದರ ಮೇಲೆ ಗೆರೆ ಎಳೆಯುತ್ತದೆ. ಗೆರೆ ಎಲ್ಲಾದರೂ ಉಬ್ಬಿದರೆ ಯಜಮಾನ ಕಾರಣ ಬರೆದು ಸಹಿ ಹಾಕಬೇಕು. ಇಷ್ಟು ದಿನ ಅದು ಅಪ್ಪನ ಕೆಲಸ. ಅವಳು ಅದನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಗುರುವಾರ ನಾಲ್ಕು ಗಂಟೆಯ ಮೇಲೆ ಒಂದು ಉಬ್ಬು. ಪಕ್ಕದಲ್ಲಿ ಅಪ್ಪನ ಕೋಳಿಕಾಲಿನ ಅಕ್ಷರ: ಕರೆಂಟ್ ಹೋಗಿತ್ತು.

"ವಾರವಾರವೂ ಹಂಗೇ ಬರೀತಿದ್ರು," ಎಂದ ಡ್ರೈವರ್. "ನಾನು ಒಂದ್ಸಲ ಕೇಳ್ದೆ, ಗುರುವಾರ ನಮ್ಮನೇಲಿ ಕರೆಂಟಿತ್ತಲ್ಲ ಯಜಮಾನ್ರೇ ಅಂತ. ನಿಮ್ಮನೇದು ನಿಮಗೆ, ನಮ್ಮನೇದು ನಮಗೆ ಅಂದ್ರು."

ಅವಳು ಆ ಅಕ್ಷರವನ್ನು ಮತ್ತೊಮ್ಮೆ ಓದಿದಳು.

"ನಿಮ್ಮ ಕಾರ್ಯಕ್ರಮ ಅಂತೂ ಬಿಡ್ತಿರಲಿಲ್ಲ. ಪಂಪು ಹನ್ನೆರಡು ನಿಮಿಷ ಓಡತ್ತಲ್ವಾ, ಅಷ್ಟೂ ಹೊತ್ತು ನನ್ನ ಲಾರೀಲಿ ಕೂತು ಕೇಳೋರು. ನಾನು ಹಾಕಿಕೊಟ್ಟು ಪೈಪು ಜೋಡಿಸಕ್ಕೆ ಇಳೀತಿದ್ದೆ. ಮೂರು ಸಲಕ್ಕೆ ಒಂದು ಮುಗಿಯೋದು. ಆ ಕುಂಬಳಕಾಯಿದು ಎರಡು ಸಲ ಕೇಳಿದ್ರು. ಒಬ್ಬರೂ ಹೆಣ್ಣು ಕೊಡಲ್ವಲ್ಲ, ಇವನಿಗೇನು ಕಮ್ಮಿ ಅಂತ ನಂಗೇ ಬೈದ್ರು."

ಪಂಪು ಓಡುತ್ತಿತ್ತು. ಅವಳು ಕೇಳಬೇಕಾದ್ದನ್ನು ಕೇಳಿದಳು. ಶನಿವಾರದ್ದು?

"ಅದು ಭಾನುವಾರ ಶುರು ಮಾಡಿದ್ವಿ. ಇವತ್ತು ಮಿಕ್ಕಿದ್ದು ಕೇಳ್ಬೇಕಾಗಿತ್ತು."

ಅವಳು ಲೆಕ್ಕ ಹಾಕಿದಳು. ಭಾನುವಾರ ಒಂದೇ ಸಲ. ಎಂದರೆ ಹನ್ನೆರಡು ನಿಮಿಷ. ಮಾತು ಇದ್ದದ್ದು ಮೂವತ್ತೊಂದನೆಯ ನಿಮಿಷದಲ್ಲಿ. ಕೂತು ಕತ್ತರಿಸಿದವಳು ಅವಳೇ, ಆ ಅಂಕಿ ತಲೆಯಲ್ಲಿ ಅಚ್ಚಾಗಿತ್ತು. ಅಪ್ಪ ಅಲ್ಲಿಗೆ ತಲುಪಿರಲಿಲ್ಲ. ನಿನ್ನೆಯಿಂದ ಹಿಡಿದಿಟ್ಟ ಅಳು ಈಗ, ಹಾಲು ಖಾಲಿಯಾಗುತ್ತಿರುವ ತೊಟ್ಟಿಯ ಪಕ್ಕ, ಹಾಯಾಗಿ ಬಂತು. ಡ್ರೈವರ್ ಕೈಯಲ್ಲಿದ್ದ ಟೋಪಿಯನ್ನು ತಿರುವುತ್ತ ನಿಂತ. ಅವಳಿಗೆ ಸಮಾಧಾನವಾಗಲೆಂದು ಇನ್ನಷ್ಟು ಹೇಳಿದ.

"ಅವತ್ತು ಪೂರ್ತಿ ಕೂರ್ಲಿಲ್ಲಮ್ಮ. ಮೈ ಹುಷಾರಿರಲಿಲ್ವೋ ಏನೋ. ನಾನಿನ್ನೂ ಪೈಪು ಜೋಡಿಸ್ತಾ ಇದ್ದೆ, ಇಳಿದುಬಿಟ್ರು. ಒಂದು ನಿಮಿಷನೂ ಆಗಿರಲಿಲ್ಲ. ಒಳಗೆ ಸೆಕೆ ಅಂದ್ರು."

"ಸೆಕೆ ಇತ್ತಾ?"

"ಮೋಡ ಇತ್ತು," ಎಂದ ಅವನು, ಯೋಚಿಸಿ.

ಅವಳ ಅಳು ನಿಂತಿತು. ಅಂಗಳದಿಂದ ಸೋದರಮಾವ ಕೂಗಿದ, ಹೊತ್ತಾಯಿತು, ಸ್ಮಶಾನದ ಗಾಡಿ ಬಂದಿದೆ ಎಂದು. ಅವಳು ಲಾರಿಯ ಮೆಟ್ಟಿಲು ಹತ್ತಿ, ಡ್ರೈವರ್ ಪಕ್ಕದ ಸೀಟಿನಲ್ಲಿ, ಅಪ್ಪ ಕೂರುತ್ತಿದ್ದಲ್ಲಿ ಕೂತಳು. ಸೀಟಿನ ಅಂಚಿನಲ್ಲಿ ಹಿಂಡಿಯ ಪುಡಿ ಇತ್ತು.

ಕಂತಿನಲ್ಲಿ ಯಾವ ಮಾತು ಕೇಳುವವನ ಅಂಗಿ ಹಿಡಿದು ಕೂರಿಸುತ್ತದೋ, ಅದರ ಒಂದು ತುಂಡನ್ನು ತೆಗೆದು, ಸಂಗೀತಕ್ಕಿಂತ ಮುಂಚೆ, ಮೊಟ್ಟಮೊದಲಿಗೆ ಅಂಟಿಸುವುದು ಈ ಕಸುಬಿನ ಪದ್ಧತಿ. ಶುಕ್ರವಾರ ಅವಳೂ ಅಂಟಿಸಿದ್ದಳು. ತುಂಡು ಚುರುಕಾಗಿರಲೆಂದು ಮಾತಿನ ಮೊದಲರ್ಧವನ್ನಷ್ಟೇ ಇಟ್ಟಿದ್ದಳು.

ಫೋನು ತೆಗೆದು ಒತ್ತಿದಳು. ಅವಳದೇ ದನಿ, ಸ್ಪಷ್ಟವಾಗಿ, ಹಿಂದೆ ಯಂತ್ರದ ಸದ್ದಿಲ್ಲದೆ, ಹಿರಿಯರು ಕಣ್ಣು ಮುಚ್ಚೋವರೆಗೂ ಎಂದಿತು; ನಾಚಿಕೆ ಎಂದಿತು; ಕಾಯ್ತಾ ಇದೀವಿ ಎಂದಿತು. ಸಂಗೀತ ಬಂತು. ಹದಿನೆಂಟು ಸೆಕೆಂಡು ಆಗಿತ್ತು.

ಅಪ್ಪ ಕೇಳಿದ್ದು ಅಷ್ಟೇ.