ಎಂಟನೆಯದು ಎಂದವಳು ನಾನೇ

ಚಂಪಕಭಾಯಿ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ತಿಂಗಳು?" ಕೇಳಿದ್ದು ನನ್ನ ಮಗಳು ಇಂದುಮತಿಯನ್ನು. ಅವಳು ನಾಚಿಕೊಂಡು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಉತ್ತರ ಕೊಟ್ಟವಳು ನಾನು. "ಆಠ್‌ಮೋ ಚಾಲೇ ಛೇ" ಅಂದೆ. ಎಂಟನೆಯದು ನಡೀತಾ ಉಂಟು. ಹದಿನಾಲ್ಕು ವರ್ಷ ಸೂರತ್ತಿನಲ್ಲಿ ಇಡ್ಲಿ ಬೇಯಿಸಿದವಳಿಗೆ ಅಷ್ಟು ಗುಜರಾತಿ ಬಾರದೆ ಇರುತ್ತದೆಯೇ?

ಚಂಪಕಭಾಯಿ ಆಫ್ರಿಕಾ ಹಡಗಿನ ಟಿಕೇಟು ಮಾಡಿಸಿಕೊಡುವ ಏಜೆಂಟರು. ಸ್ಟೇಷನ್ ರಸ್ತೆಯಲ್ಲಿ ನಮ್ಮ ಹೋಟೆಲಿನಿಂದ ನಾಲ್ಕು ಅಂಗಡಿ ಆಚೆಗೆ ಅವರ ಆಫೀಸು. ಬೆಳಿಗ್ಗೆ ನಮ್ಮಲ್ಲೇ ಕಾಫಿ ಕುಡಿಯುವ ಮನುಷ್ಯ, ನನ್ನನ್ನು ಬೆನ್, ಅಂದರೆ ಅಕ್ಕ, ಎಂದೇ ಕರೆಯುವವರು. ನನ್ನ ಮಾತು ಕೇಳಿ ಅರ್ಜಿಯಲ್ಲಿ ಎಂಟು ಎಂದು ಬರೆದು, ಕೆಳಗೆ ನನ್ನ ರುಜು ಹಾಕಿಸಿಕೊಂಡವರು, ಪೆನ್ನು ಕೆಳಗಿಟ್ಟರು.

"ಏಳು ತಿಂಗಳು ದಾಟಿದವರನ್ನು ಹಡಗಿನವರು ಹತ್ತಿಸುವುದಿಲ್ಲ ಬೆನ್. ನಡುನೀರಿನಲ್ಲಿ ಹೆರಿಗೆ ಆದರೆ ಯಾರು ನೋಡುವುದು?"

ಇಂದುವಿನ ಮುಖ ನೋಡಲಾಗಲಿಲ್ಲ. ಅವಳ ಗಂಡ ಹರಿಪ್ರಸಾದ ನೈರೋಬಿಯ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮೂರು ಕೋಟದ ಕಡೆಯವನೇ. ರಜೆಯಲ್ಲಿ ಬಂದವನು ಮಾಘದಲ್ಲಿ ಮದುವೆಯಾಗಿ, ಏಪ್ರಿಲ್‌ನಲ್ಲಿ ಹಡಗು ಹತ್ತಿದ್ದ. ಹೆಂಡತಿಯನ್ನು ಕರೆಸಿಕೊಳ್ಳಲು ಅವನು ಅಲ್ಲಿ ಕಚೇರಿ ಕಚೇರಿ ತಿರುಗಿ ಪಡೆದ ಪರವಾನಗಿ ನಮಗೆ ತಲುಪಿದ್ದು ಆಗಸ್ಟಿನಲ್ಲಿ. ಅಕ್ಟೋಬರ್ ಹದಿನೈದರೊಳಗೆ ಅಲ್ಲಿ ಕಾಲಿಡಬೇಕು, ಇಲ್ಲದಿದ್ದರೆ ಆ ಕಾಗದ ರದ್ದು. ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ ಬೊಂಬಾಯಿಯಿಂದ ಒಂದು ಹಡಗು. ಅದು ತಪ್ಪಿದರೆ ಮುಂದಿನದು ತಲುಪುವಾಗ ತಾರೀಕು ಮೀರಿರುತ್ತದೆ. ಆಮೇಲೆ ಮೊದಲಿನಿಂದ ಅರ್ಜಿ. ಅಷ್ಟರಲ್ಲಿ ಮಗು ಹುಟ್ಟಿ ಅದಕ್ಕೂ ಹೆಸರು, ಅದಕ್ಕೂ ಫೋಟೋ, ಅದಕ್ಕೂ ಸಿಡುಬಿನ ಚುಚ್ಚುಮದ್ದು. ಅಲ್ಲಿ ಸ್ವಾತಂತ್ರ್ಯ ಬಂದು ಮೂರು ವರ್ಷ ತುಂಬಿಲ್ಲ, ಹೊರಗಿನವರ ಕಾಯಿದೆ ಯಾವಾಗ ಬದಲಾಗುತ್ತದೋ ಎಂದು ಊರೆಲ್ಲ ಮಾತು. ವಿಮಾನದ ಸುದ್ದಿ ನಮ್ಮಂಥವರ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಹೋಟೆಲಿನ ಹಿಂದಿನ ಮನೆಗೆ ಬಂದ ಮೇಲೆ ನಮ್ಮವರು ದೋಸೆಯ ಸಟ್ಟುಗ ಹಿಡಿದುಕೊಂಡೇ ಒಳಗೆ ಬಂದರು.

"ಎಂತ ಮಾರಾಯ್ತಿ, ಎಂಟು ಅಂತ ಯಾಕೆ ಹೇಳ್ಲಿಕ್ಕೆ ಹೋದೆ?"

"ಇದ್ದದ್ದು ಹೇಳಿದೆ. ಸುಳ್ಳು ಹೇಳಿ ಮಗಳನ್ನು ನೀರಿನ ಮೇಲೆ ಕಳಿಸಲಾ?"

"ಸುಳ್ಳು ಹೇಳು ಅಂತ ಯಾರು ಹೇಳಿದ್ರು? ಸುಮ್ಮನೆ ಕೂತ್ಕೊಳ್ಳಲಿಕ್ಕೆ ನಿಂಗೆ ಏನಾಗಿತ್ತು?"

"ಚೊಚ್ಚಲ ಹೆರಿಗೆಗೆ ಮಗಳನ್ನು ಗಂಡನ ಮನೆಗೆ ಅಟ್ಟುವವರು ಎಲ್ಲಾದರೂ ಉಂಟಾ? ಊರಲ್ಲಿ ಕೇಳಿದರೆ ನಗ್ತಾರೆ."

"ಅಪ್ಪಯ್ಯ, ಬಿಡಿ" ಅಂದಳು ಇಂದು. "ಅಮ್ಮನ ಲೆಕ್ಕ ಯಾವತ್ತಾದ್ರೂ ತಪ್ಪಿದ್ದುಂಟಾ?"

ಅದು ನಿಜ. ನೂರಿಪ್ಪತ್ತು ಇಡ್ಲಿಗೆ ಎಷ್ಟು ಉದ್ದು ನೆನೆಸಬೇಕು ಎಂದು ನಾನು ಪಾವಿನಲ್ಲಿ ಅಳೆಯುವುದಿಲ್ಲ, ಕೈಯಲ್ಲಿ ಹಾಕುತ್ತೇನೆ. ಇಂದುವಿನ ಲೆಕ್ಕವೂ ಹಾಗೆಯೇ, ಪಂಚಾಂಗ ನೋಡಬೇಕೆಂದೇ ಇರಲಿಲ್ಲ. ಫಾಲ್ಗುಣದ ಅಮಾವಾಸ್ಯೆಯ ಹಿಂದಿನ ದಿನ ಅವಳು ಹೊರಗೆ ಕೂತವಳು, ಹೊಸ ಅಳಿಯ ಬಂದ ಮೊದಲ ಯುಗಾದಿಗೆ ಒಬ್ಬಂಟಿಯಾಗಿ ಮೂಲೆಯಲ್ಲಿದ್ದಳು. ಅದನ್ನು ಮರೆಯುವುದುಂಟೇ? ಅಲ್ಲಿಂದ ಬೆರಳು ಮಡಿಚಿದೆ. ಫಾಲ್ಗುಣ, ಚೈತ್ರ, ವೈಶಾಖ, ಜ್ಯೇಷ್ಠ, ಆಷಾಢ. ಈ ಸಲ ಶ್ರಾವಣ ಎರಡು, ಒಂದು ಅಧಿಕ, ಒಂದು ನಿಜ. ಈಗ ಭಾದ್ರಪದ. ಎಂಟು.

ಮುಚ್ಚಿಡುವುದೇಕೆ, ಹಡಗು ತಪ್ಪಿತು ಎಂದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. ಇಂದುವಿನ ತಮ್ಮ ಹುಟ್ಟಿದ್ದು ಈ ಹೋಟೆಲಿನ ಹಿಂದಿನ ಕೋಣೆಯಲ್ಲಿ. ನನ್ನ ಅಮ್ಮ ದೂರದ ಕೋಟದಲ್ಲಿ, ನಮ್ಮವರು ಗೋಡೆಯಾಚೆ ಗಿರಾಕಿಗಳಿಗೆ ದೋಸೆ ಹೊಯ್ಯುತ್ತಿದ್ದರು. ಸೂಲಗಿತ್ತಿ ಗುಜರಾತಿಯಲ್ಲಿ ಏನೋ ಕೂಗುತ್ತಿದ್ದಳು, ನನಗೆ ಆಗ ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ. ನನ್ನ ಮಗಳಿಗೆ ಹಾಗಾಗಬಾರದು. ಮರುದಿನ ಚೌತಿ. ಕಡುಬು ಬೇಯಿಸುತ್ತಲೇ ಬಾಣಂತಿ ಖಾರಕ್ಕೆ ಬೇಕಾದ ಒಳ್ಳೆಮೆಣಸು, ಓಮ, ಶುಂಠಿಯ ಪಟ್ಟಿ ಮನಸ್ಸಿನಲ್ಲೇ ಮಾಡಿಕೊಂಡೆ. ಹಳೆಯ ಮೆತ್ತನೆಯ ಸೀರೆಗಳನ್ನು ಒಗೆದು ಹಾಕಿದೆ.

ಗುರುವಾರ, ಹೆರಿಗೆಗೆ ಹೆಸರು ಬರೆಸಲೆಂದು ಅವಳನ್ನು ಹೆರಿಗೆ ಆಸ್ಪತ್ರೆಯ ಡಾಕ್ಟರಬೆನ್ ಹತ್ತಿರ ಕರೆದುಕೊಂಡು ಹೋದೆ. ಪರೀಕ್ಷೆ ಮುಗಿಸಿ, ತೂಕ ನೋಡಲಿಕ್ಕೆ ಅವಳನ್ನು ಆಚೆ ಕೋಣೆಗೆ ಕಳಿಸಿ, ಡಾಕ್ಟರಬೆನ್ ನನ್ನ ಕಡೆ ತಿರುಗಿದರು.

"ಎಲ್ಲ ಚೆನ್ನಾಗಿದೆ. ಡಿಸೆಂಬರ್ ಕೊನೆಯ ವಾರಕ್ಕೆ ತಯಾರಾಗಿರಿ."

"ಡಿಸೆಂಬರಾ? ಅಷ್ಟರಲ್ಲಿ ನಾಮಕರಣವೂ ಮುಗಿದಿರುತ್ತದೆ ಬೆನ್. ಅವಳಿಗೆ ಎಂಟನೆಯದು."

"ಎಣಿಸಿದ್ದು ಯಾರು?"

ನಾನು ಬೆರಳು ಮಡಿಚಿ ತೋರಿಸಿದೆ. ಅವರು ಕೇಳುತ್ತ ಕೇಳುತ್ತ ನಗಲಿಕ್ಕೆ ಶುರುಮಾಡಿದರು. ಗೋಡೆಯ ಕ್ಯಾಲೆಂಡರು ತೆಗೆದು ಮೇಜಿನ ಮೇಲೆ ಹಾಸಿದರು.

"ನಿಮ್ಮ ಯುಗಾದಿಗೆ ಎರಡು ದಿನ ಮೊದಲು. ಅಂದರೆ ಮಾರ್ಚ್ ಇಪ್ಪತ್ತು. ಇವತ್ತು ಸೆಪ್ಟೆಂಬರ್ ಇಪ್ಪತ್ತೆರಡು. ಎಷ್ಟಾಯಿತು?"

"...ಆರು."

"ಆರು. ನೀವು ಒಂದೆರಡು ದಿನದ ಫಾಲ್ಗುಣವನ್ನೂ ಒಂದು ತಿಂಗಳು ಮಾಡಿದಿರಿ. ಮೊನ್ನೆ ಶುರುವಾದ ಭಾದ್ರಪದವನ್ನೂ ಒಂದು ಮಾಡಿದಿರಿ. ನಿಮ್ಮ ಮಗ ಎಂಟನೇ ಕ್ಲಾಸಿಗೆ ಹೋಗಿ ಕೂತ ದಿನವೇ ಎಂಟನೇ ಪಾಸು ಅಂತ ಪೇಡ ಹಂಚುತ್ತೀರಾ?"

ಇಪ್ಪತ್ತೆಂಟಕ್ಕೆ ಹಡಗು. ಏಳು ತುಂಬಲಿಕ್ಕೆ ಇನ್ನೂ ನಾಲ್ಕು ವಾರ ಉಂಟು. ಅಷ್ಟರಲ್ಲಿ ಇಂದು ಬಂದಳು. "ಏನಂದ್ರು ಅಮ್ಮ?"

"ಎಲ್ಲ ಚೆನ್ನಾಗಿದೆ ಅಂದ್ರು" ಅಂದೆ. ಅದು ಸುಳ್ಳಲ್ಲವಲ್ಲ.

ಕುದುರೆಗಾಡಿ ಹತ್ತಿದೆವು. ಗಾಡಿ ಜಗ್ಗುವಾಗಲೆಲ್ಲ ನಾನು ಅವಳ ಹೊಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದೆ. ಆರು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಡಾಕ್ಟರಬೆನ್‌ಗೆ ಹಡಗಿನ ಸುದ್ದಿ ಗೊತ್ತಿಲ್ಲ, ಚಂಪಕಭಾಯಿಗೆ ಡಾಕ್ಟರಬೆನ್ ಸುದ್ದಿ ಗೊತ್ತಿಲ್ಲ. ಮೊಮ್ಮಗು ನನ್ನ ಕಾಲ ಮೇಲೆ ಮಲಗಿ ಎಣ್ಣೆ ಹಚ್ಚಿಸಿಕೊಳ್ಳುತ್ತದೆ. ಬೈಯುವವರು ಯಾರು? ಹೊಗಳುವವರೇ ಎಲ್ಲ.

ಇಂದು ಮಾತ್ರ ದಾರಿಯುದ್ದಕ್ಕೂ ಮಾತಾಡಿದಳು. ಮನಸ್ಸು ಸರಿಯಿಲ್ಲದಾಗ ಅವಳಿಗೆ ಮಾತು ಜಾಸ್ತಿ.

"ಅವರು ಅನ್ನ ಮಾಡ್ಲಿಕ್ಕೆ ಕಲೀತಿದ್ದಾರಂತೆ ಅಮ್ಮ. ಮೂರು ಪಾತ್ರೆ ಸುಟ್ಟಾಯ್ತಂತೆ. ನೀನು ಬಂದಾಗ ನಾನೇ ಗಂಜಿ ಮಾಡಿ ಹಾಕ್ತೇನೆ ಅಂತ ಬರೆದಿದ್ರು." ನಕ್ಕಳು. "ಇನ್ನು ಬೇಕಾದಷ್ಟು ಟೈಮ್ ಸಿಕ್ತು ಅವರಿಗೆ. ಸಾರು, ಪಲ್ಯ, ಎಲ್ಲ ಕಲೀಲಿ." ಆಮೇಲೆ ಗಾಡಿಯ ಆಚೆ ನೋಡುತ್ತ, "ಮಗುವಿಗೆ ನಡೆಯಲಿಕ್ಕೆ ಬಂದ ಮೇಲೆ ಒಮ್ಮೆ ನೋಡ್ತಾರೆ ಅಲ್ವಾ?" ಅಂದಳು.

ಗಾಡಿ ನಮ್ಮ ಹೋಟೆಲಿನ ಮುಂದೆ ನಿಂತಿತು. ಅವಳು ಇಳಿಯಲು ಕಾಲು ಚಾಚಿದಳು.

"ಇಳೀಬೇಡ" ಅಂದೆ. ಗಾಡಿಯವನಿಗೆ, "ನಾಲ್ಕು ಅಂಗಡಿ ಮುಂದೆ ನಡಿ" ಅಂದೆ.

"ಎಲ್ಲಿಗಮ್ಮ?"

"ಚಂಪಕಭಾಯಿ ಹತ್ರ. ನನ್ನ ಲೆಕ್ಕ ತಪ್ಪಿತು ಮಗಾ. ನಿಂಗೆ ಆರೇ ತಿಂಗಳು."

"ಆರಾ?"

"ಆರು. ಏಳನೆಯದು ನಡೀತಾ..." ಅಂದವಳು ನಾಲಿಗೆ ಕಚ್ಚಿಕೊಂಡೆ. "ನಡೀತಾ ಗಿಡೀತಾ ಏನಿಲ್ಲ. ಆರು ಅಷ್ಟೆ."

ಅವಳು ನನ್ನ ಕೈ ಹಿಡಿದದ್ದು ಎಷ್ಟು ಗಟ್ಟಿಯೆಂದರೆ ಒಂದು ಬಳೆ ಮುರಿಯಿತು.

ಚಂಪಕಭಾಯಿ ತಲೆ ಕೆರೆದುಕೊಂಡರು. ಜಾಗ ಇನ್ನೂ ಇತ್ತು. ಡಾಕ್ಟರಬೆನ್ ಕಾಗದ ಕೊಟ್ಟರೆ ಸಾಕು. ಆದರೆ ಅರ್ಜಿಯಲ್ಲಿ ಎಂಟು ಎಂದು ಶಾಯಿಯಲ್ಲಿ ಬಿದ್ದಿದೆ, ಕೆಳಗೆ ತಾಯಿಯ ರುಜು ಬೇರೆ. "ಮೊದಲು ಹೇಳಿದ್ದು ತಪ್ಪು ಅಂತ ನೀವೇ ಬರೆದುಕೊಡಿ ಬೆನ್. ಕಾರಣ ಸಮೇತ."

"ನಂಗೆ ಕನ್ನಡ ಬಿಟ್ಟು ಬೇರೆ ಬರೀಲಿಕ್ಕೆ ಬರುವುದಿಲ್ಲ."

"ಕನ್ನಡದಲ್ಲೇ ಬರೆಯಿರಿ. ಕೆಳಗೆ ಇಂಗ್ಲಿಷಿನಲ್ಲಿ ನಾನು ಬರೀತೇನೆ."

ಬರೆದೆ. ಅಷ್ಟರಲ್ಲಿ ಸುದ್ದಿ ತಿಳಿದು ನಮ್ಮವರು ಓಡಿಬಂದಿದ್ದರು. ನನ್ನ ಹೆಗಲ ಮೇಲಿಂದ ಬಗ್ಗಿ, ಆಫೀಸಿಗೆಲ್ಲ ಕೇಳುವ ಹಾಗೆ ಓದಿದರು: "ಸುಮತಿ ಎಂಬ ನಾನು ತಿಂಗಳುಗಳನ್ನು ತಪ್ಪಾಗಿ ಎಣಿಸಿದ್ದೇನೆ." ಓದಿ ಕೈ ಮುಗಿದರು. "ಚಂಪಕಭಾಯಿ, ಇದರದ್ದೊಂದು ನಕಲು ನಂಗೂ ಕೊಡಿ. ಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲೆ ಇಡ್ತೇನೆ."

"ನೀವು ದೋಸೆ ನೋಡಿ ಹೋಗಿ, ಸೀದ ವಾಸನೆ ಬರ್ತಾ ಉಂಟು" ಅಂದೆ.

ಉಳಿದ ಆರು ದಿನ ನಾನು ಕೂತದ್ದಿಲ್ಲ. ನಾಲ್ಕು ಗಂಟೆಗೆ ಎದ್ದು ಹೋಟೆಲಿನ ಕೆಲಸ, ಮಧ್ಯಾಹ್ನ ಖಾರ ಹುರಿಯುವುದು, ಕುಟ್ಟುವುದು, ಡಬ್ಬಿಗೆ ತುಂಬುವುದು. ಒಂದೊಂದು ಡಬ್ಬಿಯ ಮೇಲೂ ಚೀಟಿ ಅಂಟಿಸಿದೆ, ಯಾವುದನ್ನು ಎಷ್ಟನೇ ದಿನದಿಂದ ತಿನ್ನಬೇಕು ಎಂದು. ಅಳಿಯನಿಗೂ ಒಂದು ಚೀಟಿ: ಗಂಜಿಗೆ ಒಂದು ಪಾಲು ಅಕ್ಕಿಗೆ ಎಂಟು ಪಾಲು ನೀರು, ಒಲೆ ಬಿಟ್ಟು ಏಳಬಾರದು.

ಇಪ್ಪತ್ತೆಂಟರ ಬೆಳಿಗ್ಗೆ ಫ್ಲೈಯಿಂಗ್ ರಾಣಿ ರೈಲು ಹಿಡಿದು ಬೊಂಬಾಯಿಗೆ ಹೋದೆವು. ಬಂದರಿನಲ್ಲಿ ಗುಜರಾತಿ ಸಂಸಾರಗಳ ದೊಡ್ಡ ಸಾಲು. ಹಡಗಿನ ಡಾಕ್ಟರು ಕಾಗದ ಓದಿದರು, ಇಂದುವಿನ ಹೊಟ್ಟೆ ನೋಡಿದರು, ಮತ್ತೆ ಯಾಕೋ ನನ್ನ ಮುಖ ನೋಡಿ ಹಿಂದಿಯಲ್ಲಿ ಕೇಳಿದರು, "ಎಷ್ಟು ತಿಂಗಳು?"

ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಮಗಳ ಕಡೆ ಕೈ ತೋರಿಸಿದೆ.

"ಆರು" ಅಂದಳು ಇಂದು. ಅವರು ಮುದ್ರೆ ಒತ್ತಿದರು.

ಏಣಿಯ ಹತ್ತಿರ ಅವಳು ನಮ್ಮಿಬ್ಬರ ಕಾಲಿಗೂ ಬಗ್ಗಲು ಹೋದಳು, ನಾನು ಬಿಡಲಿಲ್ಲ. "ಮೆಲ್ಲ ಹತ್ತು. ಬದಿ ಹಿಡ್ಕೊ" ಅಂದೆ. ನನಗಾಗಿಯೇ ಎಂಬಂತೆ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು, ಮುದುಕಿಯ ಹಾಗೆ ಹತ್ತಿದಳು. ಮೇಲೆ ಮುಟ್ಟಿ ಕೈ ಬೀಸಿದಳು, ನಕ್ಕಳು, ತಿರುಗಿದ್ದೇ ತಡ ಹಡಗಿನೊಳಕ್ಕೆ ಓಡಿದಳು.

"ಏ, ಓಡಬೇಡ್ವೇ!" ಎಂದು ಕೂಗಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು, ಅವಳೊಬ್ಬಳನ್ನು ಬಿಟ್ಟು.

"ಬಿಡು ಮಾರಾಯ್ತಿ" ಅಂದರು ನಮ್ಮವರು, ಕಣ್ಣೊರೆಸಿಕೊಳ್ಳುತ್ತ. "ಅವಳಿಗೆ ಅರ್ಜೆಂಟ್ ಉಂಟು."