ಇನ್ನೊಬ್ಬರ ತಪ್ಪು

ಆ ಕನ್ಯಾಮಠದಲ್ಲಿ ಯಾವ ಲೋಟವೂ ತಾನಾಗಿ ಒಡೆಯುವಂತಿರಲಿಲ್ಲ. ಬೆಕ್ಕು ಬೀಳಿಸಿದರೂ ಹತ್ತಿರ ಇದ್ದ ಸಿಸ್ಟರ್ ಶುಕ್ರವಾರದ ಕೂಟದಲ್ಲಿ ಎದ್ದು ನಿಂತು, "ನನ್ನಿಂದ ತಪ್ಪಾಯಿತು, ಲೋಟ ಒಡೆಯಿತು" ಎನ್ನಬೇಕು. ಉಳಿದವರು "ದೇವರು ಕ್ಷಮಿಸಲಿ" ಎನ್ನಬೇಕು. ಬೆಕ್ಕಿನ ಹೆಸರು ಎತ್ತುವಂತಿಲ್ಲ. ಮಠ ಕಟ್ಟಿದ ದೊಡ್ಡ ಫಾದರ್ ಮಾಡಿಟ್ಟ ನಿಯಮ ಅದು: ನಿನ್ನ ತಪ್ಪು ನೀನು ಹೇಳು, ಇನ್ನೊಬ್ಬರದ್ದು ದೇವರಿಗೆ ಬಿಡು. ಕೇಳಲು ಚೆಂದವಾಗಿಯೇ ಇತ್ತು. ಮಾಡಿಟ್ಟವರಿಗೆ ಅದೆಷ್ಟು ಅನುಕೂಲದ್ದು ಎಂದು ತಿಳಿಯಲು ಮಾತ್ರ ಅವರು ಸಾಯಬೇಕಾಯಿತು.

ಅವರು ಹೋದ ಮರುವರ್ಷ ಬಿಷಪ್ಪರು ನೇಮಿಸಿದ ಸಮಿತಿ ವಿಚಾರಣೆ ಮುಗಿಸಿ, ದೂರು ನಿಜ ಎಂದಿತು. ದೂರು ಕೊಟ್ಟವಳು ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಟೈಲರ್. ಹರೆಯದಲ್ಲಿ ಸಿಸ್ಟರ್ ಆಗಬೇಕೆಂದು ಇದೇ ಮಠ ಸೇರಿದ್ದಳು. ಧ್ಯಾನ ಹೇಳಿಕೊಡುವ ನೆಪದಲ್ಲಿ ದೊಡ್ಡ ಫಾದರ್ ಅವಳನ್ನು ತಮ್ಮ ಕೋಣೆಗೆ ಕರೆಸಿಕೊಂಡು ಮೈಮೇಲೆ ಕೈ ಹಾಕಿದ್ದರು. ಒಂದು ಸಲವಲ್ಲ, ಮತ್ತೆ ಮತ್ತೆ. ಹೊಸಬರ ತರಬೇತಿ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಹತ್ತಿರ ಹೋಗಿ ಹೇಳಿದಳು. ಆಕೆ ನಿಯಮ ನೆನಪಿಸಿದರು. ಶುಕ್ರವಾರ ಹುಡುಗಿ ಎದ್ದು ನಿಂತು "ನನ್ನಿಂದ ತಪ್ಪಾಯಿತು" ಎಂದಳು. ದೇವರು ಕ್ಷಮಿಸಲಿ ಎಂದು ಎಲ್ಲರೂ ಒಕ್ಕೊರಲಿನಿಂದ ಹೇಳಿದರು. ಮರುವಾರ ಅವಳು ಗಂಟುಮೂಟೆ ಕಟ್ಟಿದಳು. ಆ ಸಿಸ್ಟರೇ ಈಗ ಮಠದ ಮದರ್.

ವರದಿ ಬಂದ ಮೇಲೆ, ಕ್ಷಮೆ ಕೇಳಬೇಕೆಂದು ಮದರ್ ಅವಳನ್ನು ಕರೆಸಿದರು. ಅವಳು ಒಪ್ಪಿದ್ದು ಒಂದೇ ಕಾರಣಕ್ಕೆ. ತಪ್ಪು ತನ್ನದೆಂದು ಹೇಳಿಸಿದ ಕೋಣೆಯಲ್ಲೇ, ತಪ್ಪು ಯಾರದೆಂದು ಅವರು ಬಾಯಿಬಿಟ್ಟು ಹೇಳಲಿ ಎಂದು. ಬೇಡವೆಂದರೂ ಅವಳ ಅತ್ತಿಗೆಯೂ ಜೊತೆಗೆ ಹೊರಟಳು.

"ಅಲ್ಲಿ ನೀವು ಮಧ್ಯೆ ಬಾಯಿ ಹಾಕಬಾರದು ಅತ್ತಿಗೆ."

"ನಾನ್ಯಾಕೆ ಹಾಕಲಿ? ಬಾಯಿಗೆ ಬೀಗ ಹಾಕೋದು ಕಲಿಸೋ ಶಾಲೆಗೇ ಹೋಗ್ತಿದ್ದೀವಲ್ಲ."

ಕೂಟದ ಕೋಣೆಯಲ್ಲಿ ಉದ್ದದ ಬೆಂಚುಗಳು, ಉಜ್ಜಿ ಉಜ್ಜಿ ಮುಖ ಕಾಣುವಂತಾಗಿದ್ದ ನೆಲ. ದೊಡ್ಡ ಫಾದರ್ ಚಿತ್ರ ತೆಗೆದ ಜಾಗದಲ್ಲಿ ಕ್ಯಾಲೆಂಡರ್ ತೂಗುಹಾಕಿದ್ದರು. ಚಿತ್ರ ದೊಡ್ಡದಿತ್ತು, ಕ್ಯಾಲೆಂಡರ್ ಚಿಕ್ಕದು. ಫಾದರ್ ಬಿಟ್ಟ ಜಾಗ ಸುತ್ತಲೂ ಒಂದು ಗೇಣು ಉಳಿದಿತ್ತು.

ಮದರ್ ಪ್ರಾರ್ಥನೆ ಮುಗಿಸಿ, "ಇವತ್ತು ಮನಸ್ಸು ಬಿಚ್ಚಿ ಮಾತಾಡಿ" ಎಂದರು. ಆದರೆ ಗಾಣದೆತ್ತನ್ನು ಬಯಲಿಗೆ ಬಿಟ್ಟರೂ ಅದು ಸುತ್ತುವುದು ದುಂಡಗೇ. ಕೈತೋಟದ ಸಿಸ್ಟರ್ ಮೊದಲು ಎದ್ದರು.

"ನನ್ನಿಂದ ತಪ್ಪಾಯಿತು. ನೀನು ಬಾವಿಕಟ್ಟೆ ಹತ್ರ ಅಳ್ತಾ ಕೂತಿದ್ದು ನೋಡಿದೆ. ಗಿಡಕ್ಕೆ ನೀರು ಹಾಕ್ಕೊಂಡು ಸುಮ್ಮನಿದ್ದೆ."

"ದೇವರು ಕ್ಷಮಿಸಲಿ."

ಅಡುಗೆಯ ಸಿಸ್ಟರ್ ಎದ್ದರು. "ನನ್ನಿಂದ ತಪ್ಪಾಯಿತು. ನಿನ್ನ ತಟ್ಟೆ ಹಾಗೇ ವಾಪಸ್ ಬರ್ತಿತ್ತು. ಈ ಹುಡುಗಿಗೆ ಕೊಬ್ಬು ಅಂದ್ಕೊಂಡೆ."

"ದೇವರು ಕ್ಷಮಿಸಲಿ."

ಸುದ್ದಿ ಹಂಚುವುದರಲ್ಲಿ ಎತ್ತಿದ ಕೈಯಾದ್ದರಿಂದ ರೇಡಿಯೋ ಎಂದೇ ಹೆಸರಾದ ಸಿಸ್ಟರ್‌ಗೆ ಒಪ್ಪಿಕೊಳ್ಳಲು ಏನೂ ಸಿಗಲಿಲ್ಲ. ಆ ಕಾಲಕ್ಕೆ ಅವರು ಮಠಕ್ಕೇ ಬಂದಿರಲಿಲ್ಲ. ಆದರೂ ಎದ್ದರು. "ನನ್ನಿಂದ ತಪ್ಪಾಯಿತು. ನಾನು ಆಗ ಇರಲಿಲ್ಲ."

ಅದಕ್ಕೂ ದೇವರ ಕ್ಷಮೆ ಸಿಕ್ಕಿತು. ಕಣ್ಣೀರೆಲ್ಲ ನಿಜವಾದದ್ದೇ, ಮೊಸಳೆಯದ್ದಲ್ಲ. ಟೈಲರ್ ಮಾತ್ರ ತಲೆ ತಗ್ಗಿಸಿಕೊಂಡು, ಬೆರಳಿಗೆ ಸೆರಗು ಸುತ್ತುತ್ತ ಕೂತಿದ್ದಳು.

ಅತ್ತಿಗೆಗೆ ತಡೆಯಲಾಗಲಿಲ್ಲ. "ಕುಂಬಳಕಾಯಿ ಕಳ್ಳ ಅಂದ್ರೆ ಕದ್ದೋನು ಹೆಗಲು ಮುಟ್ಟಿ ನೋಡ್ಕೊಂಡನಂತೆ. ಇಲ್ಲಿ ಕದ್ದೋರೊಬ್ಬರನ್ನ ಬಿಟ್ಟು ಊರೆಲ್ಲಾ ಹೆಗಲು ಮುಟ್ಕೊಳ್ತಾ ಇದೆ."

"ಅತ್ತಿಗೆ," ಎಂದಳು ಟೈಲರ್. ಆಮೇಲೆ ಮದರ್ ಕಡೆ ತಿರುಗಿದಳು. "ಅತ್ತಿಗೆ ಹೇಳಿದ್ರಲ್ಲಿ ಸುಳ್ಳೇನಿಲ್ಲ ಮದರ್. ಇವರೆಲ್ಲ ತಪ್ಪು ಮಾಡಿದ್ದಾರೆ, ಒಪ್ಪಿದೆ. ಆದ್ರೆ ಆ ಕೋಣೆಗೆ ನನ್ನನ್ನ ಕರೆಸಿಕೊಂಡದ್ದು ಇವರಲ್ಲವಲ್ಲ."

ಮದರ್ ನಿಧಾನವಾಗಿ ಎದ್ದರು. "ನನ್ನಿಂದ..."

"ನಿಮ್ಮದು ಆಮೇಲೆ. ಅದೂ ಇದೆ, ಬಿಡೋದಿಲ್ಲ. ಮೊದಲು ಅವರದ್ದು."

ಈ ಕೋಣೆಯಲ್ಲಿ ಮದರ್ ಆಡಿದ ಮಾತೆಲ್ಲ 'ನನ್ನಿಂದ' ಎಂದೇ ಶುರುವಾದದ್ದು. ಬೇರೆಯವರ ಹೆಸರಿನಿಂದ ಶುರು ಮಾಡುವುದು ನಾಲಿಗೆಗೆ ಗೊತ್ತಿರಲಿಲ್ಲ.

"ದೊಡ್ಡ ಫಾದರ್," ಎಂದರು. ಬೆಂಚಿನ ಅಂಚು ಹಿಡಿದುಕೊಂಡರು. "ದೊಡ್ಡ ಫಾದರ್ ಇವಳ ಮೈ ಮುಟ್ಟಿದರು. ಇವಳು ಬಂದು ನನಗೆ ಹೇಳಿದಳು. ಹೇಳಿದ್ದು ನಿಜ. ತಪ್ಪು ಅವರದ್ದು. ಇವಳದ್ದಲ್ಲ."

"ಮುಟ್ಟಿದರು," ಎಂದು ಅತ್ತಿಗೆ ಗೊಣಗಿದಳು. "ಬಹುವಚನ ಬೇರೆ ಕೇಡು."

"ಇರಲಿ ಬಿಡಿ ಅತ್ತಿಗೆ. ಯಾರು ಅಂತ ಗೊತ್ತಾಯಿತಲ್ಲ."

ಕೈತೋಟದ ಸಿಸ್ಟರ್ ಅಭ್ಯಾಸಬಲದಿಂದ "ದೇವರು..." ಎಂದು ಶುರು ಮಾಡಿ ಅಲ್ಲಿಗೇ ನಿಂತರು. ಇನ್ನೊಬ್ಬರ ತಪ್ಪಿಗೆ ಏನು ಹೇಳಬೇಕೆಂದು ನಿಯಮದಲ್ಲಿರಲಿಲ್ಲ.

"ಇದಕ್ಕೆ ಏನನ್ನಬೇಕು?" ಎಂದು ರೇಡಿಯೋ ಸಿಸ್ಟರ್ ಪಿಸುಗುಟ್ಟಿದರು.

"ನಿಜ ಅನ್ನಿಸಿದ್ರೆ ಹೂಂ ಅನ್ನಿ," ಎಂದಳು ಅತ್ತಿಗೆ. "ಅದಕ್ಕೇನು ಪಾಠ ಹೇಳಿಕೊಡಬೇಕಾ?"

"ಹೂಂ," ಎಂದರು ಅಡುಗೆಯ ಸಿಸ್ಟರ್. ಬೆಂಚಿನುದ್ದಕ್ಕೂ ಒಬ್ಬೊಬ್ಬರಾಗಿ ಹೂಂಗುಟ್ಟಿದರು, ಒಕ್ಕೊರಲಿಲ್ಲದೆ, ಹಿಂದೆ ಮುಂದೆ.

ಎಲ್ಲರದ್ದೂ ಆಗುವವರೆಗೆ ಟೈಲರ್ ಕಾದಳು. ಆಮೇಲೆ ಸೆರಗು ಬಿಡಿಸಿಕೊಂಡು ನೆಟ್ಟಗೆ ಕೂತಳು.

"ಈಗ ನಿಮ್ಮದು ಹೇಳಿ ಮದರ್. ಕೂತೇ ಹೇಳಿ."