ಬೇಯಾಳ ಉಸಿರು

ಉಸಿರು ಹಿಡಿದಾಗಲೆಲ್ಲ ಬೇಯಾ ತನ್ನ ತಾಯಿ ದಲೆಂದಾಳ ಹೆಗಲಾಚೆ ಯಾರನ್ನೋ ನೋಡಿ ನಗುತ್ತಿದ್ದಳು. ಸ್ಫಾಕ್ಸ್ ಪಟ್ಟಣದ ನಮ್ಮ ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಎಳವೆಯಲ್ಲಿ ಕಲಿತ ನಾಲ್ಕು ಮಾತನ್ನೂ ಮರೆತ ಹುಡುಗಿ, ಒದ್ದೆ ಬಟ್ಟೆ ಹಿಂಡುವಂತೆ ಇಡೀ ದಿನ ಕೈ ಹಿಂಡುತ್ತಿದ್ದಳು. ಉಸಿರು ನಿಂತು ತುಟಿ ನೀಲಿಗಟ್ಟುತ್ತಿತ್ತು. ಆಮೇಲೆ ಬಾವಿಯಿಂದ ಮೇಲೆದ್ದವಳಂತೆ ಏದುಸಿರು.

“ಸತ್ತ ನಮ್ಮಮ್ಮ ಮೊಮ್ಮಗಳನ್ನ ಕರೀತಿದಾಳೆ ಕಣೇ,” ಎನ್ನುತ್ತಿದ್ದಳು ದಲೆಂದಾಳ ಗಂಡನ ಅಕ್ಕ ಹನಿಯಾ. “ಮಗೂನ ದರ್ಗಾಕ್ಕೆ ಕರ್ಕೊಂಡ್ಹೋಗೋಣ.”

“ಅತ್ತೆ ಬದುಕಿದ್ದಾಗ ಇವಳನ್ನ ಒಂದಿನಾನೂ ಎತ್ಕೊಳ್ಳಲಿಲ್ಲ ಅಕ್ಕಾ. ಈಗ್ಯಾಕೆ ಬರ್ತಾರೆ?” ಎಂದಳು ದಲೆಂದಾ. ಹಾಗೆಂದವಳಿಗೂ ಹಿಂತಿರುಗಿ ನೋಡುವ ಧೈರ್ಯವಿರಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಕಾಯಿಲೆಯ ಹೆಸರು ಹೇಳಿದರು: ರೆಟ್ ಸಿಂಡ್ರೋಮ್. “ಉಸಿರಿನ ಲಯ ನೋಡ್ಕೊಳ್ಳೋ ಮಿದುಳೇ ಎಡವುತ್ತೆ. ಜೊತೆಗೆ ಆಮ್ಲಜನಕ ಒಳಗೊಳಗೇ ಜೀವಕೋಶಗಳನ್ನ ಕೆಡಿಸ್ತಿದೆ. ಗಾಳಿಗೆ ಬಿಟ್ಟ ಎಣ್ಣೆ ಕಮಟು ಹಿಡಿಯಲ್ವಾ, ಹಾಗೆ. ರಕ್ತದಲ್ಲಿ ಗುರುತು ಸಿಕ್ಕಿದೆ.”

“ವಾಸಿ ಆಗುತ್ತಾ?”

“ಇಲ್ಲಮ್ಮ. ಮೀನೆಣ್ಣೆ ಕೊಟ್ಟು ನೋಡೋಣ. ಆ ಕೇಡು ಸ್ವಲ್ಪ ಕಡಿಮೆ ಆಗಬಹುದು. ಉಸಿರಿನ ಬಗ್ಗೆ ಮಾತ್ರ ಮಾತು ಕೊಡಲಾರೆ.”

ಬದುಕಿಸುವ ಗಾಳಿಯೇ ಮಗಳನ್ನು ತಿನ್ನುತ್ತಿದೆ ಎಂಬುದು ದಲೆಂದಾಳ ಎದೆಯಲ್ಲಿ ಕೂತುಬಿಟ್ಟಿತು. ಅಂದಿನಿಂದ ಉಸಿರು ನಿಂತರೂ ಭಯ, ಬಂದರೂ ಭಯ.

ಒಂದು ಮಧ್ಯಾಹ್ನ ಅವಳು ಊಟಕ್ಕೆ ಕುಸ್ಕುಸ್ ರವೆಗೆ ಹಬೆ ಕೊಡುತ್ತಿದ್ದಾಗ ಬೇಯಾ ಉಸಿರು ಹಿಡಿದಳು. ಅವಳ ಜೊತೆಗೇ ತಾಯಿಯೂ ಹಿಡಿದಳು. ಮಗು ಎಂದಿನಂತೆ ಏದುಸಿರು ಬಿಟ್ಟಿತು. ಉಸಿರು ಹಿಡಿದೇ ಇದ್ದ ತಾಯಿ ಒಲೆಯ ಪಕ್ಕ ಕುಸಿದುಬಿದ್ದಳು. ಹನಿಯಾ ಓಡಿಬಂದು ಕೆನ್ನೆಗೆ ಬಾರಿಸಿ ಎಬ್ಬಿಸಿದಳು.

“ಇಬ್ಬರನ್ನೂ ನಾನೆಲ್ಲಿಂದ ಎಳ್ಕೊಂಡು ಬರ್ಲೇ, ಹುಚ್ಚಿ?” ಎಂದು ಬೈಯುತ್ತಲೇ ಅತ್ತಳು. ಆಮೇಲೆ ದರ್ಗಾದ ಮಾತೆತ್ತಲಿಲ್ಲ. ದಿನಾ ಬಂದು ಬೇಯಾಳನ್ನು ಮಡಿಲಿಗೆ ಒರಗಿಸಿಕೊಂಡು ಕೂರತೊಡಗಿದಳು.

ಚಳಿಗಾಲದ ಹೊತ್ತಿಗೆ ರಕ್ತಪರೀಕ್ಷೆಯಲ್ಲಿ ಕೊಂಚ ಸುಧಾರಣೆ ಕಂಡಿತು. ಉಸಿರು ಮಾತ್ರ ಇದ್ದ ಹಾಗೆಯೇ ಇತ್ತು.

ಹನಿಯಾ ಬಲವಂತ ಮಾಡಿ ದಲೆಂದಾಳನ್ನು ಪಕ್ಕದ ಮನೆಯ ನನ್ನ ಜೊತೆ ಹಮಾಮಿಗೆ, ಊರ ಹೆಂಗಸರ ಹಬೆಸ್ನಾನದ ಮನೆಗೆ, ಕಳಿಸಿದಳು. ಹಬೆಯಲ್ಲಿ ಹೆಂಗಸರ ನಗು, ಗದ್ದಲ. ನಾನು ತಲೆಗೆ ನೀರು ಸುರಿದುಕೊಳ್ಳುತ್ತಾ ಉಸಿರು ಬಿಗಿಹಿಡಿದೆ. ತಕ್ಷಣ ಅವಳ ಬೆರಳುಗಳು ನನ್ನ ಮಣಿಕಟ್ಟನ್ನು ಹಿಡಿದವು.

“ಬಿಡು,” ಎಂದಳು, “ಉಸಿರು ಬಿಡು.”

ಬಿಟ್ಟೆ. ಅವಳು ಕೈ ಬಿಡಲಿಲ್ಲ. ಮುಂದಿನ ಉಸಿರಿಗಾಗಿ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದಳು.